ಹಳದಿ ಔಷಧಿ

ಮಜ್ಜಿಗೆ ಲೋಟದ ಅಂಚಿಗೆ ಕರಿಬೇವಿನ ಎಲೆಯೊಂದು ಅಂಟಿಕೊಂಡಿದೆ, ತೆಗೆಯುವುದೋ ನುಂಗುವುದೋ, ಡಾಕ್ಟರ್ ಶಾಂತಮಲ್ಲಪ್ಪನಿಗೆ ಅಷ್ಟನ್ನು ತೀರ್ಮಾನಿಸುವ ತ್ರಾಣವೂ ಇಲ್ಲ, ಬೆಳಿಗ್ಗೆ ಗುಂಡ್ಲುಪೇಟೆಯಿಂದ ಬಸ್ಸು, ಚಾಮರಾಜನಗರದಿಂದ ಅಜ್ಮತ್ ಉಲ್ಲಾನ ಸ್ಕೂಟರು, ಈಗ ಉಮ್ಮತ್ತೂರಿನಲ್ಲಿ ಗುರುಸಿದ್ದಮ್ಮನ ಜಗಲಿ, ರಿಟೈರಾದ ದನದ ಡಾಕ್ಟರಿಗೆ ಇದೆಲ್ಲ ಬೇಕಿತ್ತೇ — ಬೇಕಿತ್ತು, ಯಾವುದೋ ಬೊಂಬಾಯಿ ಕಂಪನಿ ಮೊಟ್ಟೆಯ ಮದ್ದು ಬೆರೆಸಿದ ಪಶು ಆಹಾರ ತನ್ನದೇ ಶೋಧ ಎಂದು ಪೇಟೆಂಟ್ ಮಾಡಿಸಿಕೊಂಡು, ಅದನ್ನೇ ತಯಾರಿಸುವ ಅಜ್ಮತ್‌ನ ಮಿಲ್ಲು ನಿಲ್ಲಿಸು ಎಂದು ನೋಟೀಸು ಕಳಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ, ಅಜ್ಮತ್‌ಗೆ ಅದನ್ನು ಕಲಿಸಿದವನು ತಾನು, ಎಂಬತ್ತನಾಲ್ಕರಲ್ಲೇ ಈ ಊರಿನ ಪಶು ಆಸ್ಪತ್ರೆಯಲ್ಲಿ ಮಾಡಿದವನು ತಾನು, ಕರುಗಳ ಭೇದಿಯ ರೋಗಾಣುವನ್ನು ಕೊಂದು ಕೋಳಿಗೆ ಚುಚ್ಚಿ, ಕೋಳಿಯ ಮೈಯಲ್ಲಿ ಹುಟ್ಟಿದ ಶಕ್ತಿ ಮೊಟ್ಟೆಯ ಹಳದಿಗೆ ಇಳಿಯುವುದನ್ನು ಕಾದು, ಆ ಹಳದಿಯನ್ನು ತಟ್ಟೆಯಲ್ಲಿ ಒಣಗಿಸಿ — ಆ ತಟ್ಟೆಯನ್ನು ಹೆಂಡತಿ ನಾಗಮಣಿ ಇವತ್ತಿಗೂ ಮನೆಯೊಳಗೆ ಸೇರಿಸಿಲ್ಲ. ಕಂಪನಿಗಿಂತ ಮೊದಲೇ ಮಾಡಿದ್ದಕ್ಕೆ ಪುರಾವೆ ಬೇಕೆಂದು ಅಜ್ಮತ್‌ನ ವಕೀಲರು ಆಸ್ಪತ್ರೆಯ ಹಳೇ ರಿಜಿಸ್ಟರು ತಿರುವಿ ಹಾಕಿದರು, ಇದ್ರಲ್ಲಿ ಮೊಟ್ಟೆ ಅಂತ ಎಲ್ಲೂ ಇಲ್ವಲ್ಲ ಸಾರ್, ಹಳದಿ ಔಷಧಿ ಅಂತಿದೆ. ಹೌದು, ಮೊಟ್ಟೆ ಎಂದು ಬರೆಯುವ ಧೈರ್ಯ ಎಲ್ಲಿತ್ತು, ಲಿಂಗ ಕಟ್ಟಿದ ಮನೆಗಳು, ಕೊಟ್ಟಿಗೆಗೆ ಮೊಟ್ಟೆ ತಂದಿದ್ದರೆ ಕರು ಸತ್ತರೂ ಸಾಯಲಿ ಎನ್ನುತ್ತಿದ್ದರು, ತಾನೂ ಲಿಂಗ ಕಟ್ಟಿದವನೇ. ಹಾಗಾದ್ರೆ ಕರುವಿನ ಯಜಮಾನಿ ಹೆಬ್ಬೆಟ್ಟು ಒತ್ತಲಿ, ನಮ್ಮ ಕರುಗೆ ಕುಡಿಸಿದ್ದು ಮೊಟ್ಟೆ ಅಂತ, ಎಂದು ವಕೀಲರು ಸಲೀಸಾಗಿ ಟೈಪು ಮಾಡಿಸಿಕೊಟ್ಟರು, ಆ ಯಜಮಾನಿ ಗುರುಸಿದ್ದಮ್ಮನಿಗೇ ಅದು ಗೊತ್ತಿಲ್ಲ ಎಂದು ಹೇಳಲು ನಾಲಗೆ ಹೊರಳಲಿಲ್ಲ.

ಡಾಕ್ಟರ್ ಸಾಬ್, ಅಜ್ಮತ್ ಪಿಸುಗುಟ್ಟುತ್ತಾನೆ, ಅಮ್ಮಂದು ಒಂದು ಹೆಬ್ಬೆಟ್ಟು ಆದ್ರೆ ನಮ್ದು ಮಿಲ್ ಉಳೀತದೆ. ಗುರುಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು, ಮುದುಕಿಯಾಗಿದ್ದಾಳೆ, ಅವತ್ತು ಎಷ್ಟು ಗಟ್ಟಿಯಿದ್ದಳು, ಕರುವಿನ ದವಡೆ ಹಿಡಿದವಳು ಅವಳೇ, ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುತ್ತಿದ್ದವನು ತಾನು, ಕರು ಕೊಸರಾಡಿತು, ಔಷ್ದಿ ಕಯ್ಯೇನಪ್ಪ ಎಂದವಳೇ ಗೊಟ್ಟಕ್ಕೆ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡಳಲ್ಲ, ತಡೆಯಬಹುದಿತ್ತು, ತಡೆಯಲಿಲ್ಲ, ಕಯ್ಯಿಲ್ಲ ಕಣಪ್ಪ, ಸಪ್ಪೆ, ಎಂದು ನಕ್ಕಳು, ತಾನೂ ನಕ್ಕಿದ್ದ, ಥೂ. ಕರು ಬದುಕಿತು, ಅದೊಂದೇ ಸಮಾಧಾನ. ಓದಿ ಹೇಳ್ತೀನಿ ಕೇಳವ್ವ ಎಂದರೆ ಅವಳು ಆಗಲೇ ಹೆಬ್ಬೆಟ್ಟು ಮುಂದೆ ಮಾಡಿದ್ದಾಳೆ, ಓದಿ ಏನಾಗ್ಬೇಕು ಬುಡಪ್ಪ, ನೀನು ಸುಳ್ಳೇಳಿಯಾ, ಎಲ್ಲೊತ್ಬೇಕೋ ತೋರ್ಸು. ತೋರಿಸಿದರೆ ಮುಗಿಯಿತು, ಆರು ಗಂಟೆಯ ಬಸ್ಸಿಗೆ ಮನೆ ಸೇರಬಹುದು, ಸಾಕಾಗಿದೆ, ನಿಜವಾಗಿಯೂ ಸಾಕಾಗಿದೆ — ಅವ್ವಾ, ಆ ಔಷಧಿ ಮೊಟ್ಟೆ, ಕೋಳಿಮೊಟ್ಟೆ, ಅಂದೇಬಿಟ್ಟ. ಬಯ್ಯುತ್ತಾಳೆ, ಬಯ್ಯಲಿ, ಲೋಟ ಎತ್ತಿ ಎಸೆಯಲಿ. ಗುರುಸಿದ್ದಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು, ಸೆರಗಿನ ತುದಿ ಎತ್ತಿ ನಾಲಗೆ ಒರೆಸಿಕೊಂಡಳು, ಹನ್ನೆರಡು ವರ್ಷದ ಮೇಲೆ, ಮತ್ತೊಮ್ಮೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಿದ್ದಾಳೆ, ಇನ್ನೂ ಒರೆಸಿಕೊಳ್ಳುತ್ತಲೇ ಇದ್ದಾಳೆ