ಎರಡನೇ ಸಹಿ ಇಲ್ಲ

ನನ್ನ ಗಂಡ ಕಾನ್ರಾಡ್ ಬ್ರಿಟಿಷ್ ಸೇನೆಯಲ್ಲಿ ಹದಿನಾಲ್ಕು ವರ್ಷ ಅಡುಗೆಯವರಾಗಿದ್ದರು. ಅರವತ್ತು ತುಂಬಿದ ಮೇಲೆ ಬದುಕಿರುವವರೆಗೂ ಪಿಂಚಣಿ, ಅವರ ನಂತರ ನನಗೂ ಒಂದು ಪಾಲು ಎಂದಿತ್ತು. ಅಷ್ಟು ಗಟ್ಟಿಯಾದದ್ದನ್ನು ಅಬುಧಾಬಿಗೆ ಬಂದ ಮೇಲೆ ಕೈಯಾರೆ ಬಿಟ್ಟುಕೊಟ್ಟೆವು.

2014ರಲ್ಲಿ ಚರ್ಚಿನಲ್ಲಿ ಕೊಂಕಣಿ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಪಾಯ್ಸ್ ಸಿಕ್ಕಿದ. ನಮ್ಮ ಪಕ್ಕದೂರಿನವನೇ. ಲಂಡನ್ ಪರವಾನಗಿಯ ಕಂಪನಿಯೊಂದರ ಹಣಕಾಸು ಸಲಹೆಗಾರ.

“ಸೇನೆಯ ಪಿಂಚಣಿಯನ್ನು ನಮ್ಮ ಫಂಡಿಗೆ ಹಾಕಿ ಅಂಕಲ್, ಡಬಲ್ ಆಗ್ತದೆ” ಎಂದ. ನಮ್ಮವನಲ್ಲವೇ! ಇವರು ಓದದೆ ಸಹಿ ಹಾಕಿದರು.

ಈ ವರ್ಷ ಇವರಿಗೆ ಅರವತ್ತು ತುಂಬಿತು. ವಿಚಾರಿಸಿದರೆ ಫಂಡಿನಲ್ಲಿ ಅರ್ಧವೂ ಉಳಿದಿಲ್ಲ! ಇವರು ಫಂಡಿನ ಕಾಗದಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ನನಗೆ ಮೈಯೆಲ್ಲ ಉರಿಯಿತು.

ಆ ಭಾನುವಾರ ಗೆಳತಿ ಶಮೀಮ ಮನೆಗೆ ಬಂದಳು. ಬರ್ ದುಬೈಯ ಟೈಪಿಂಗ್ ಸೆಂಟರಿನಲ್ಲಿ ದಿನವಿಡೀ ಜನರ ಅರ್ಜಿ, ದೂರು ಟೈಪ್ ಮಾಡುವವಳು ಅವಳು.

“ಕಾನ್ರಾಡಣ್ಣ, ದೂರು ಕೊಡುದಿಲ್ವಾ?”

“ಎಂತ ದೂರು ಮಾರಾಯ್ತಿ? ಸಹಿ ಹಾಕಿದ್ದು ನಾನೇ ಅಲ್ವಾ?”

“ಸಹಿ ನಿಮ್ಮದು. ಸಲಹೆ ಯಾರದ್ದು? ಫೀಸು ತಗೊಂಡದ್ದು ಯಾರು?”

“ವೀಸಾಕ್ಕೆ ಎಂತಾದ್ರೂ ಆದ್ರೆ?”

“ದೂರು ಹೋಗುದು ಲಂಡನ್ನಿಗೆ, ವೀಸಾಕ್ಕೆ ಎಂತ ಸಂಬಂಧ? ಮೊದಲು ಕಂಪನಿಗೇ ಬರೀರಿ. ಎಂಟು ವಾರದಲ್ಲಿ ಸರಿ ಉತ್ತರ ಬರದಿದ್ರೆ ಅಲ್ಲಿ ದೂರು ವಿಚಾರಿಸಿ ತೀರ್ಪು ಕೊಡುವ ಒಂಬುಡ್ಸ್‌ಮನ್ ಉಂಟು, ಅದಕ್ಕೆ ನಾವು ದುಡ್ಡು ಕೊಡ್ಲಿಕ್ಕಿಲ್ಲ. ಕಂಪನಿ ಮುಚ್ಚಿದ್ರೆ ಪರಿಹಾರ ನಿಧಿ ಉಂಟು. ಆದ್ರೆ ನಷ್ಟ ಗೊತ್ತಾದ ಮೇಲೆ ಗಡುವು ಉಂಟು, ತಡ ಮಾಡ್ಬೇಡಿ.”

“ಆದ್ರೂ ಪಾಯ್ಸ್ ನಮ್ಮವ…” ಇವರು ರಾಗ ಎಳೆದರು.

“ನಮ್ಮವ ಅಂತ ಹೇಳಿಕೊಂಡೇ ಅಲ್ವಾ ಅವ ಬಂದದ್ದು!” ನಾನು ರೇಗಿದೆ. “ನೀವು ಬರೆಯದಿದ್ರೆ ನಾನು ಬರೀತೇನೆ. ಅದ್ರಲ್ಲಿ ನನ್ನ ಪಾಲೂ ಇತ್ತು.”

ಇವರು ಎದ್ದು ಹೋಗಿ ಹಳೆಯ ಕಾಗದಗಳ ಪೆಟ್ಟಿಗೆ ತಂದರು. ಶಮೀಮ ಟೈಪ್ ಮಾಡಿದಳು. ದೂರು ಕಂಪನಿಗೆ ಹೋಯಿತು.

ಹತ್ತೇ ದಿನದಲ್ಲಿ ಪಾಯ್ಸ್ ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ನಮ್ಮ ಮನೆಗೆ ಬಂದ. ಒಂದು ಕೈಯಲ್ಲಿ ಖರ್ಜೂರದ ಡಬ್ಬ, ಇನ್ನೊಂದರಲ್ಲಿ ಫೈಲು.

“ಫೀಸಿನಲ್ಲಿ ಸ್ವಲ್ಪ ವಾಪಸು ಕೊಡ್ತೇವೆ ಅಂಕಲ್. ಇಲ್ಲಿ ಒಂದು ಸಹಿ ಸಾಕು.”

ಇವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಇನ್ನು ಮುಂದೆ ಯಾವ ದೂರನ್ನೂ ಕೊಡುವುದಿಲ್ಲ ಎಂದು ಮೂರನೇ ಪುಟದಲ್ಲಿತ್ತು.

“ಸಹಿ ಇಲ್ಲ.”

“ನಮ್ಮ ಜನ ಎಂತ ಹೇಳಿಯಾರು ಅಂಕಲ್?”

“ನಮ್ಮವ ಅಂತ ನಾನು ನಂಬಿದೆ. ನಾವು ನಿನ್ನವರು ಅಂತ ನಿನಗೆ ನೆನಪಿತ್ತಾ? ಖಲಾಸ್. ಖರ್ಜೂರ ತಗೊಂಡು ಹೋಗು. ಬೇರೆ ಯಾರೆಲ್ಲ ಹೀಗೆ ಪಿಂಚಣಿ ಬದಲಾಯಿಸಿದ್ದಾರೆ ಅಂತ ಭಾನುವಾರ ಚರ್ಚಿನಲ್ಲಿ ನಾನೇ ಕೇಳ್ತೇನೆ.”

ಕೇಳಿಯೇ ಬಿಟ್ಟರು. ಇಂಗ್ಲೆಂಡಿನಲ್ಲಿ ದುಡಿದು ಬಂದ ಇಬ್ಬರು ನರ್ಸುಗಳು ಎದ್ದು ನಿಂತರು; ಅವರೂ ದೂರು ಬರೆದರು.

ಎಂಟು ವಾರ ಕಳೆದರೂ ಕಂಪನಿ ಸರಿಯಾದ ಉತ್ತರ ಕೊಡಲಿಲ್ಲ. ಈಗ ಮೂರೂ ದೂರುಗಳು ಒಂಬುಡ್ಸ್‌ಮನ್ ಮುಂದಿವೆ. ತೀರ್ಪು ಇನ್ನೂ ಬಂದಿಲ್ಲ, ಆದರೆ ನಾವು ತಲೆ ತಗ್ಗಿಸಿ ಕೂತಿಲ್ಲ. ನಿಮ್ಮ ಪಿಂಚಣಿಯೂ ತಪ್ಪು ಸಲಹೆಯಿಂದ ಕರಗಿದೆಯೇ? ಹಳೆಯ ಕಾಗದ ಹುಡುಕಿ. ಸಲಹೆ ಕೊಟ್ಟವರ ಪರವಾನಗಿ ಯಾವ ದೇಶದ್ದು ನೋಡಿ. ಇವತ್ತೇ ದೂರು ಬರೆಯಿರಿ. ನಾಚಿಕೆ ಪಡಬೇಕಾದವರು ನೀವಲ್ಲ.