ಗಿಡ್ಡ ತೋಟಾ, ಉದ್ದ ತೋಟಾ

ಫೆಕ್ಲಾಳ ರಿವಾಲ್ವರಿಗೆ ಎರಡು ಜಾತಿಯ ತೋಟಾ ಹಿಡಿಸುತ್ತವೆ. ದಪ್ಪ ಎರಡಕ್ಕೂ ಒಂದೇ, ಉದ್ದದಲ್ಲಿ ಮಾತ್ರ ಎಳ್ಳುಕಾಳಿನಷ್ಟು ವ್ಯತ್ಯಾಸ. ಗಿಡ್ಡದ್ದು ಹಳೆಯ ಕಾಲದ್ದು, ಹೆಸರು ನಲವತ್ತೈದು ಕೋಲ್ಟ್. ಉದ್ದದ್ದರ ಹೆಸರು ನಾನೂರ ಐವತ್ತನಾಲ್ಕು, ಮದ್ದಿನ ಜೋರು ಹೆಚ್ಚಿರುವ ಅದರ ಕೊಬ್ಬಿದ ತಮ್ಮ. ಗಿಡ್ಡದ್ದು ನನ್ನದು. ಅಂದರೆ ಕೋಡಿಯಾಕ್ ದ್ವೀಪದ ನಮ್ಮ ಊರಿನಲ್ಲಿ ಅದಕ್ಕೆ ಕೈಯಾರೆ ಮದ್ದು ತುಂಬಿ ಕೊಡುವವನು ನಾನು, ಐನಾರ್. ಬಲೆ ಹೊಲಿಯುವುದು ನನ್ನ ಹೊಟ್ಟೆಪಾಡು, ತೋಟಾ ತುಂಬುವುದು ಹುಚ್ಚು.

ಫೆಕ್ಲಾಳ ಗಂಡ ಸಮುದ್ರದ ಪಾಲಾಗಿ ಆರು ವರ್ಷವಾಯಿತು. ಪ್ರತಿ ಬೇಸಿಗೆ ಅವಳು ಹೊಳೆಯ ಮೇಲ್ಭಾಗದ ಗುಡಿಸಲಿನಲ್ಲಿ ಒಬ್ಬಳೇ ಇದ್ದು, ನೀರಿಗೆ ಅಡ್ಡ ಕಟ್ಟಿದ ಬೇಲಿಯ ಹತ್ತಿರ ಕೂತು ಸಾಲ್ಮನ್ ಮೀನು ಎಣಿಸುತ್ತಾಳೆ. ಅದು ಸರ್ಕಾರದ ಕೆಲಸ. ಆ ಮೀನಿಗೆ ಕರಡಿಗಳೂ ಬರುತ್ತವೆ. ಗಂಡನ ರಿವಾಲ್ವರನ್ನು ಅವಳ ಕೈಗೆ ಪಳಗಿಸಿದವನು ನಾನು. ಮೂರು ವರ್ಷದಿಂದ ಭಾನುವಾರ ಚರ್ಚ್ ಮುಗಿದ ಮೇಲೆ ಅವಳು ಮಾಡಿದ ಪಿರೋಕ್, ಅದೇ ಮೀನು ತುಂಬಿದ ದಪ್ಪ ರೊಟ್ಟಿ, ತಿಂದು ಇಬ್ಬರೂ ದಂಡೆಯಲ್ಲಿ ಖಾಲಿ ಡಬ್ಬಿಗಳಿಗೆ ಗುರಿಯಿಡುತ್ತೇವೆ. ಮದುವೆಯ ಮಾತು ನಾಲಿಗೆಯ ತುದಿಗೆ ಬಂದು ಎಷ್ಟೋ ಸಲ ಪಿರೋಕ್ ಜೊತೆಗೇ ಒಳಗೆ ಹೋಗಿದೆ.

ಏಪ್ರಿಲ್‌ನಲ್ಲಿ ವೇಡ್ ಬಂದ. ವಯೋಮಿಂಗ್ ಕಡೆಯವನು, ಸಣ್ಣ ವಿಮಾನಗಳನ್ನು ರಿಪೇರಿ ಮಾಡುತ್ತಾನೆ. ನಲವತ್ತರ ಆಸುಪಾಸು, ಬಾಯಿ ತುಂಬ ಸ್ವಂತ ಹಲ್ಲು. ಬಂದ ತಿಂಗಳೊಳಗೆ ಫೆಕ್ಲಾಳಿಗೆ ಉದ್ದದ ತೋಟಾದ ಗುಣಗಾನ ಶುರುಮಾಡಿದ. ಕರಡಿಯ ಭುಜದ ಮೂಳೆ ಮುರಿಯಬೇಕಾದರೆ ಅದೇ ಬೇಕಂತೆ. ನಾನು ಹೇಳುತ್ತ ಬಂದದ್ದು ಬೇರೆ. ಉದ್ದದ್ದು ಹೊಡೆದಾಗ ಕೈಯನ್ನು ಹಣೆಯವರೆಗೆ ಎತ್ತಿ ಒಗೆಯುತ್ತದೆ, ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಗುರಿ ಸಿಗುವ ಹೊತ್ತಿಗೆ ಕರಡಿ ಮಡಿಲಲ್ಲಿರುತ್ತದೆ. ಗಿಡ್ಡದ್ದಾದರೆ ಆರಕ್ಕೆ ಆರೂ ಹಿಡಿತದಲ್ಲಿರುತ್ತವೆ. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಅಂಗಡಿಯ ಪರಸ್ಕಾ ಆಂಟಿ ಒಂದು ದಿನ ಹಿಟ್ಟು ತೂಗುತ್ತ ಅಂದಳು, "ತೋಟಾ ವಿಷ್ಯ ಸಾಕು ಬಿಡಪ್ಪ ಐನಾರ್. ನಿನ್ನ ಹೊಟ್ಟೇಲಿ ಉರೀತಿರೋದು ಮದ್ದಲ್ಲ ಅಂತ ಊರಿಗೆಲ್ಲ ಗೊತ್ತು."

ಹೌದು, ಉರಿಯುತ್ತಿತ್ತು. ಅವನು ಅವಳ ಛಾವಣಿ ಸರಿಮಾಡಿದ ಅಂತ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ಛಾವಣಿ ಸೋರುವುದನ್ನು ಎರಡು ವರ್ಷದಿಂದ ನೋಡುತ್ತಿದ್ದವನು ನಾನು.

ಅವಳು ಹೊಳೆಯ ಗುಡಿಸಲಿಗೆ ಹೊರಡುವ ಹಿಂದಿನ ಭಾನುವಾರ ನನ್ನ ಗಿಡ್ಡ ತೋಟಾಗಳನ್ನೇ ಅರವತ್ತು ಹೊಡೆದಳು. ಆಮೇಲೆ ರಿವಾಲ್ವರ್ ನನ್ನ ಕೈಗೆ ಕೊಟ್ಟು, ಒಂದು ಸಲ ನೋಡಿಬಿಡು ಎಂದು ಪಿರೋಕ್ ಕೊಯ್ಯಲು ಕೂತಳು. ಕೊಯ್ಯುತ್ತಲೇ, ಈ ಸಲ ವೇಡನ ತೋಟಾ ಒಯ್ಯುತ್ತೇನೆ ಅಂದಳು. ನನ್ನ ಮುಖ ನೋಡಿ ಹೇಳಲಿಲ್ಲ.

ನಾನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ತೋಟಾ ಕೂರುವ ಆರೂ ಗೂಡುಗಳಲ್ಲಿ, ಗಿಡ್ಡ ತೋಟಾದ ಬಾಯಿ ಮುಗಿಯುವ ಜಾಗದ ಮುಂದೆ, ಗಟ್ಟಿ ಮಸಿಯ ಬಳೆ ಕಟ್ಟಿತ್ತು. ಗಿಡ್ಡದ್ದು ಹೊಡೆದ ಗೂಡಿಗೆ ಉದ್ದದ್ದು ಹಾಕುವ ಮುಂಚೆ ಅದನ್ನು ಹಿತ್ತಾಳೆಯ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ತೆಗೆಯದಿದ್ದರೂ ಹೆಬ್ಬೆರಳಿನಲ್ಲಿ ಒತ್ತಿದರೆ ತೋಟಾ ಒಳಗೆ ಹೋಗುತ್ತದೆ. ಆದರೆ ಹೊಡೆದ ಮೇಲೆ ತೋಟಾದ ಖಾಲಿ ಚಿಪ್ಪು ಉಬ್ಬಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆರು ಹೊಡೆದರೆ ಮುಗಿಯಿತು, ಹೊಸದು ತುಂಬಲಾಗದೆ ಕೈಯಲ್ಲಿರುವುದು ಬರೀ ಕಬ್ಬಿಣ. ಗಿಡ್ಡದ್ದನ್ನೇ ಹೊಡೆದು ಕಲಿತ ಅವಳಿಗೆ ಇದು ಗೊತ್ತಿರಲಿಲ್ಲ. ಗಿಡ್ಡದ್ದನ್ನು ಮುಟ್ಟದ ವೇಡನಿಗೆ ಹೊಳೆಯುವ ಹಾಗಿರಲಿಲ್ಲ.

ಬ್ರಷ್ ನನ್ನ ಜೇಬಿನಲ್ಲೇ ಇತ್ತು. ಹೊರಮೈಯನ್ನು ಮಾತ್ರ ಬಟ್ಟೆಯಿಂದ ಒರೆಸಿ, ಚೆನ್ನಾಗಿದೆ ಎಂದು ವಾಪಸ್ ಕೊಟ್ಟೆ.

ಅವಳ ಜೀವಕ್ಕೆ ಕೇಡು ಬಯಸಿದೆನೇ? ದೇವರಾಣೆ ಇಲ್ಲ. ವೇಡನ ತೋಟಾ ಯಾವುದೋ ಡಬ್ಬಿಗೆ ಹೊಡೆಯುವಾಗ ಸಿಕ್ಕಿಕೊಳ್ಳಲಿ, ಅವಳು ಅವನಿಗೆ ಶಾಪ ಹಾಕಿ ನನ್ನ ಹತ್ತಿರ ಬರಲಿ, ಇಷ್ಟೇ ಬಯಸಿದ್ದು. ಸೋಮವಾರ ವಿಮಾನ ಅವಳನ್ನು ಹೊತ್ತುಕೊಂಡು ಹೋಯಿತು. ಅದು ಮೇಲೇಳುವಾಗ ಜೇಬಿನ ಬ್ರಷ್ ನನ್ನ ಕೈಗೆ ತಗಲಿತು.

ದಿನಾ ಸಂಜೆ ಆರಕ್ಕೆ ಫೆಕ್ಲಾಳ ಗುಡಿಸಲಿನಂಥ ಎಲ್ಲ ಬಿಡಾರಗಳೂ ರೇಡಿಯೋದಲ್ಲಿ ವರದಿ ಕೊಡುತ್ತವೆ. ಉತ್ತರ ಕೊಡುವ ಯಂತ್ರ ಪರಸ್ಕಾ ಆಂಟಿಯ ಅಂಗಡಿಯಲ್ಲಿದೆ, ಕೇಳುವ ಕಿವಿಗಳು ಪ್ರತಿ ಅಡುಗೆಮನೆಯಲ್ಲೂ ಇವೆ. ಅಲ್ಲಿ ಆಡಿದ ಮಾತು ಇಡೀ ದ್ವೀಪಕ್ಕೆ ಆಡಿದ ಹಾಗೆ. ಮಂಗಳವಾರ ಹೋಗಿ ಕೂತೆ, ಬಾಯಿ ಬರಲಿಲ್ಲ. ಬುಧವಾರವೂ ಅಷ್ಟೆ.

ಗುರುವಾರ ಫೆಕ್ಲಾ ರೇಡಿಯೋದಲ್ಲಿ, ಎರಡು ಮರಿಗಳ ತಾಯಿ ಕರಡಿಯೊಂದು ಮಧ್ಯಾಹ್ನದಿಂದ ಬೇಲಿ ಬಿಟ್ಟು ಕದಲುತ್ತಿಲ್ಲ ಅಂದಳು. ಕಾಫಿಪುಡಿಗೆ ಬಂದಿದ್ದ ವೇಡ್ ಅಲ್ಲೇ ನಿಂತುಬಿಟ್ಟ. ನಾನು ಆಂಟಿಯ ಕೈಯಿಂದ ಮೈಕ್ ಕಿತ್ತುಕೊಂಡೆ.

"ಫೆಕ್ಲಾ, ನಾನು ಐನಾರ್. ರಿವಾಲ್ವರ್ ಗೂಡುಗಳನ್ನ ಈಗ್ಲೇ ಬ್ರಷ್ ಹಾಕಿ ಉಜ್ಜು. ನನ್ನ ತೋಟಾದ ಮಸಿ ಕಟ್ಕೊಂಡಿದೆ. ಉದ್ದದ್ದು ಹೊಡೆದ್ರೆ ಚಿಪ್ಪು ಹೊರಗೆ ಬರಲ್ಲ."

ಗರಗರ ಸದ್ದಿನ ನಡುವೆ ಅವಳ ದನಿ ಬಂತು.

"ನನಗಾಗ್ಲೇ ಗೊತ್ತಾಯ್ತು," ಅಂದಳು. "ಮಂಗಳವಾರ ಮೂರು ಹೊಡೆದು ನೋಡ್ದೆ, ಮೂರೂ ಸಿಕ್ಕಾಕೊಂಡ್ವು. ಬಡಿದು ತೆಗೆದು, ಉಜ್ಜಿ ಇಟ್ಟಿದೀನಿ."

ಪಕ್ಕದಲ್ಲಿ ವೇಡ್ ಉಸಿರು ಬಿಟ್ಟ. ಅವಳ ಮಾತು ಮುಗಿದಿರಲಿಲ್ಲ.

"ಭಾನುವಾರ ನೀನು ಒಳಗೆ ನೋಡಿದ್ಯಲ್ಲ. ವಯಸ್ಸಾಯ್ತು ಪಾಪ, ಕಣ್ಣು ಮಂಜಾಗಿದೆ, ಕಾಣಿಸಿರಲ್ಲ ಅಂದ್ಕೊಂಡೆ. ಹಾಗೇ ತಾನೆ ಐನಾರ್?"

ಅವಳು ನನಗೆ ಬಾಗಿಲು ತೆರೆದು ಹಿಡಿದಿದ್ದಳು. ಹೂಂ ಅಂದರೆ ಸಾಕಿತ್ತು. ಊರು ನಾಲ್ಕು ದಿನ ನಕ್ಕು ಮರೆಯುತ್ತಿತ್ತು, ಭಾನುವಾರಗಳು ಉಳಿಯುತ್ತಿದ್ದವು. ಆದರೆ ಪಕ್ಕದಲ್ಲಿ ವೇಡ್ ನಿಂತಿದ್ದ, ಕನಿಕರದಿಂದ ನನ್ನ ಕನ್ನಡಕ ನೋಡುತ್ತಿದ್ದ. ಅವನ ಎದುರು ಕಣ್ಣು ಕಾಣದ ಮುದುಕನಾಗುವುದು ನನ್ನಿಂದಾಗಲಿಲ್ಲ. ಸತ್ಯ ಹೇಳಿದೆನೆಂದು ಯಾರೂ ನನ್ನನ್ನು ಹೊಗಳಬೇಡಿ.

"ನನ್ನ ಕಣ್ಣು ಸರಿಯಾಗೇ ಇದೆ," ಅಂದೆ. "ಭಾನುವಾರನೇ ನೋಡಿದ್ದೆ."

ಆಂಟಿ ನನ್ನ ಕಡೆ ತಿರುಗಿದಳು. ಆಮೇಲೆ ಫೆಕ್ಲಾ ಎಂದಿನ ದನಿಯಲ್ಲಿ ಆ ದಿನದ ಮೀನಿನ ಸಂಖ್ಯೆ ಹೇಳಿದಳು, ನಾನೂರ ಹನ್ನೆರಡು. ಹೊಳೆಯ ನೀರು ಎಷ್ಟು ಏರಿದೆ ಎಂದೂ ಹೇಳಿದಳು.

"ಆಂಟಿ, ವೇಡ್ ಅಲ್ಲಿದ್ರೆ ಹೇಳು," ಅಂದಳು ಕೊನೆಗೆ. "ಸೋಮವಾರದ ವಿಮಾನದಲ್ಲಿ ಉದ್ದದ್ದು ಇನ್ನೆರಡು ಪೆಟ್ಟಿಗೆ ಕಳಿಸ್ಲಿ. ಗಿಡ್ಡದ್ದು ನನಗೆ ಇನ್ಮೇಲೆ ಯಾರೂ ತುಂಬೋದು ಬೇಡ."