ಫೋನಿನ ಕೆಂಪು ದೀಪ

ಅಮೆರಿಕದ ಗ್ರಾಹಕರ ಜೊತೆ ವಾರವಾರ ನಡೆಯುವ ಕರೆಯಲ್ಲಿ ಗೋದಾವರಿಯ ಪಾಲಿನ ಮಾತನ್ನೂ ಮೃಣಾಲಿನಿಯೇ ಆಡುತ್ತಿದ್ದಳು. ತೆಲುಗು ಸೀಮೆಯ ಮಾಧಾಪುರದ ಆ ತಂತ್ರಾಂಶ ಕಚೇರಿಯಲ್ಲಿ ಕನ್ನಡದವರು ಅವರಿಬ್ಬರೇ. ಮೃಣಾಲಿನಿ ತಂಡದ ಮುಖ್ಯಸ್ಥೆ, ಗೋದಾವರಿ ಭಾಲ್ಕಿಯಿಂದ ಬಂದ ಹುಡುಗಿ. ಪ್ರಶ್ನೆ ಬಂದ ಕೂಡಲೇ ಮೃಣಾಲಿನಿ ಮೇಜಿನ ಮೇಲಿನ ಫೋನಿನ ಮ್ಯೂಟ್ ಗುಂಡಿ ಒತ್ತುವಳು. ಕೆಂಪು ದೀಪ ಹೊತ್ತಿದರೆ ಇಲ್ಲಿನ ಮಾತು ಆ ಕಡೆಗೆ ಕೇಳದು. ಗೋದಾವರಿ ಕನ್ನಡದಲ್ಲಿ ಉತ್ತರ ಹೇಳುವಳು. ಮೃಣಾಲಿನಿ ದೀಪ ಆರಿಸಿ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸುವಳು.

"ಅಂವಗ ಹೇಳ್ರಿ ಅಕ್ಕಾ, ತಪ್ಪು ನಮ್ಮದಲ್ಲ. ಅವರ ಕಡೆ ಯಾರೋ ನಿದ್ದಿಗಣ್ಣಾಗ ಬರ್ದಾರಂತ."

"ಹಂಗ ಹೇಳಾಕ ಬರ್ತೈತೇನ? ಸುಮ್ನಿರು ಮಾರಾಯ್ತಿ."

ಗೋದಾವರಿಗೆ ಇಂಗ್ಲಿಷ್ ಬರದೇ ಇರಲಿಲ್ಲ. ಯೋಚಿಸಿ, ತಡೆದು ತಡೆದು ಆಡುತ್ತಿದ್ದಳು, ಅಷ್ಟೆ. ಆ ತಡೆಯನ್ನು ಮೃಣಾಲಿನಿಗೆ ಸಹಿಸಲಾಗುತ್ತಿರಲಿಲ್ಲ. ಗೋದಾವರಿಯ ಬದಲು ತಾನೇ ಮಾತಾಡಿಬಿಡುವುದನ್ನು ಅವಳು ಅಕ್ಕರೆ ಎಂದುಕೊಂಡಿದ್ದಳು.

ಆ ವರ್ಷ ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವುದೆಂದಾಯಿತು. ಅರ್ಧ ಜನ ಸಾಕು. ಉಳಿಯುವವರನ್ನು ಗ್ರಾಹಕರೇ ಮಾತಾಡಿಸಿ ಆರಿಸುವರು. ಮೃಣಾಲಿನಿ ತಂಡವನ್ನು ಕೂರಿಸಿಕೊಂಡು ಧೈರ್ಯ ಹೇಳಿದಳು. ಹೊಸದನ್ನು ಕಲಿಯೋಣ, ಯಾರನ್ನೂ ಕೈಬಿಡುವುದಿಲ್ಲ ಎಂದಳು. ನಂಬಿಯೇ ಹೇಳಿದ್ದಳು.

"ನನ್ನ ಉಳಿಸ್ರಿ ಅಕ್ಕಾ," ಎಂದಳು ಗೋದಾವರಿ, ಕ್ಯಾಂಟೀನಿನಲ್ಲಿ. "ಈ ಕೆಲಸ ಹೋತಂದ್ರ ಅಪ್ಪ ವಾಪಸ್ ಕರಸ್ಕೋತಾನ. ಊರಾಗ ವರ ತಯಾರ ಐತಿ, ಮೀಸಿ ಸಮೇತ."

ಇಬ್ಬರೂ ನಕ್ಕರು. ಗೋದಾವರಿ ಬೇಗ ನಗು ನಿಲ್ಲಿಸಿದಳು.

ಅವಳು ಹೊಸದನ್ನೆಲ್ಲ ಹಟ ಹಿಡಿದು ಕಲಿತಳು. ಆಯ್ಕೆಯ ದಿನ ಫೋನಿನಲ್ಲಿ ಗ್ರಾಹಕನ ದನಿ ಅವಳ ಹೆಸರು ಹಿಡಿದು ಕೇಳಿತು: ಸೇವೆ ನಿಲ್ಲಿಸದೆ ಹಳೆಯ ಮಾಹಿತಿಯನ್ನು ಹೊಸದಕ್ಕೆ ಹೇಗೆ ಸಾಗಿಸುತ್ತೀರಿ? ಗೋದಾವರಿ ಉಸಿರೆಳೆದುಕೊಂಡಳು. ಕೋಣೆ ನಿಶ್ಶಬ್ದವಾಯಿತು. ಮೃಣಾಲಿನಿ ಫೋನಿನತ್ತ ಬಾಗಿದಳು. ಈ ಮೌನವನ್ನು ಅವರು ಏನೆಂದು ತಿಳಿದಾರು?

"ಗೋದಾವರಿ ಹೇಳಬೇಕೆಂದಿರುವುದು ಏನೆಂದರೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿಯೇ ಬಿಟ್ಟಳು.

ಉತ್ತರ ಚೆನ್ನಾಗಿಯೇ ಇತ್ತು. "ಧನ್ಯವಾದ, ಮೃಣಾಲಿನಿ," ಎಂದ ಆತ ಮುಂದಿನವರ ಹೆಸರು ಕರೆದ.

ಆಯ್ಕೆಯಾದವರಲ್ಲಿ ಗೋದಾವರಿ ಇರಲಿಲ್ಲ. ಮೃಣಾಲಿನಿ ಆ ಗ್ರಾಹಕನೊಡನೆ ಜಗಳಕ್ಕೇ ನಿಂತಳು. ತಂಡದಲ್ಲಿ ಅವಳಷ್ಟು ತಿಳಿದವರಿಲ್ಲ ಎಂದಳು. "ಇರಬಹುದು," ಎಂದ ಆತ ಸಮಾಧಾನದಿಂದ. "ಆದರೆ ಇಷ್ಟು ದಿನದಲ್ಲಿ ಅವರ ದನಿಯನ್ನೇ ನಾನು ಕೇಳಿಲ್ಲ."

ಊರಿಗೆ ಹೊರಟ ಗೋದಾವರಿಯನ್ನು ಬೀದರಿನ ಬಸ್ಸು ಹತ್ತಿಸಲು ಮೃಣಾಲಿನಿ ಮೆಹದಿಪಟ್ಟಣಂ ನಿಲ್ದಾಣದವರೆಗೂ ಹೋದಳು. ಆಟೋಗಳ ಗದ್ದಲದಲ್ಲಿ ಇಬ್ಬರೂ ಚೀಲ ನಡುವಿಟ್ಟುಕೊಂಡು ನಿಂತರು.

"ಬೈದುಬಿಡು ಗೋದಾ."

"ಏನ್ ಬೈಯೋದ್ರಿ? ನೀವು ನನ್ನ ಸಲುವಾಗೇ ಮಾಡಿದ್ರಿ." ಬಸ್ಸು ಬರುವ ದಿಕ್ಕನ್ನು ನೋಡುತ್ತ ಅವಳು ಮುಂದುವರಿಸಿದಳು: "ಖರೆ ಅಂದ್ರ, ಅವತ್ತ ನಾ ಬಾಯಿ ತೆರೆದಿದ್ದೆ ಅಕ್ಕಾ. ಇನ್ನೊಂದೀಟ ತಡದಿದ್ರ ಹೇಳ್ತಿದ್ದೆ."

ಮೃಣಾಲಿನಿಯ ನಾಲಿಗೆಯ ತುದಿಗೆ ಸಮಾಧಾನದ ಮಾತು ಬಂತು. ಈ ಸಲ ಅದನ್ನು ತಡೆದಳು. ಗೋದಾವರಿ ಇನ್ನೇನಾದರೂ ಹೇಳಿಯಾಳೆಂದು ಕಾದಳು.

ಬಸ್ಸು ಬಂತು. ಗೋದಾವರಿ ಚೀಲ ಎತ್ತಿಕೊಂಡು ಹತ್ತಿದಳು. ಹೇಳಲು ಅವಳಲ್ಲಿ ಬೇರೇನೂ ಇರಲಿಲ್ಲ.